ಶ್ರಾವಣಕ್ಕೆ ಉಳಿದ ರೊಕ್ಕ

‘ಬಿಲ್ ಬಂದ್ ಮ್ಯಾಲೆ ಕೊಡ್ತೀನ್ರಿ.’

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಸೀಮೆಯಲ್ಲಿ ಕಿರಾಣಿ ಅಂಗಡಿಯಿಂದ ಹಿಡಿದು ಶಾಲೆಯ ಫೀ ಕಟ್ಟುವ ಕಿಟಕಿಯವರೆಗೆ ಕಿವಿಗೆ ಬೀಳುವ ಮಾತಿದು. ಬಿಲ್ ಎಂದರೆ ಕಬ್ಬಿನ ಬಿಲ್. ಗೊಬ್ಬರದ ಅಂಗಡಿಯವನ ಬಾಕಿ, ಟ್ರ್ಯಾಕ್ಟರಿನ ಕಂತು, ಮಗಳ ಮದುವೆಯ ಕಲ್ಯಾಣ ಮಂಟಪದ ಮುಂಗಡ ಎಲ್ಲವೂ ಅದರ ಹಾದಿ ಕಾಯುತ್ತವೆ. ಒಂದು ಗೇಣು ಕಬ್ಬು ಹಚ್ಚದ ಕ್ಷೌರಿಕನೂ, ಬಟ್ಟೆ ಅಂಗಡಿಯವನೂ, ಪಂಪ್‌ಸೆಟ್ ರಿಪೇರಿಯವನೂ ಅದಕ್ಕಾಗಿಯೇ ಕಾಯುತ್ತಾರೆ, ಏಕೆಂದರೆ ಅವರ ಗಿರಾಕಿಯ ಕಿಸೆ ತುಂಬುವುದು ಅಲ್ಲಿಂದ.

ಕಾರ್ಖಾನೆಗಳು ನುರಿಸುವ ಹಂಗಾಮಿನಲ್ಲಿ, ಅಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ಹೊರಗಿನವರು ಯಾರಾದರೂ ಈ ಕಡೆ ಬಂದರೆ ಇಲ್ಲಿಯ ಜನಕ್ಕೆ ಚಲೋ ದಿನ ಬಂದಿವೆ ಎಂದೇ ಹೇಳಿ ಹೋಗುತ್ತಾರೆ. ರಸ್ತೆಯ ತುಂಬ ಎರಡೆರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಅವುಗಳಲ್ಲಿ ಗಟ್ಟಿಯಾಗಿ ಹಚ್ಚಿದ ಜಾನಪದ ಹಾಡು, ಹಾರ ಹಾಕಿಸಿಕೊಂಡು ಷೋರೂಮಿನಿಂದ ಇಳಿಯುವ ಹೊಸ ಬೈಕುಗಳು, ಬಂಗಾರದ ಅಂಗಡಿಯ ಮುಂದೆ ಮದುವೆಗೆ ಒಡವೆ ಮಾಡಿಸಲು ಬಂದ ಮನೆಮಂದಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೂ, ಸಣ್ಣ ಬೈಕು ಮತ್ತು ಸಿಮೆಂಟಿನ ಮೇಲಿನದು ಶೇ 28ರಿಂದ 18ಕ್ಕೂ ಇಳಿದ ಮೇಲೆ ಕೊಳ್ಳುವವರಿಗೆ ಇನ್ನಷ್ಟು ಹುರುಪು ಬಂತು. ಇವೆಲ್ಲ ಸುಳ್ಳಲ್ಲ. ಆದರೆ ಇವನ್ನು ನೋಡಿ ಊರಿನ ಸ್ಥಿತಿ ಅಳೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿಯ ರೊಕ್ಕಕ್ಕೆ ಒಂದು ಪಂಚಾಂಗವಿದೆ. ಅದು ಮಾಗಿಯಲ್ಲಿ ಬರುತ್ತದೆ, ವೈಶಾಖದ ಮದುವೆಗಳಲ್ಲಿ ಕರಗುತ್ತದೆ, ಮುಂಗಾರಿನ ಬೀಜ–ಗೊಬ್ಬರಕ್ಕೂ ಜೂನ್ ತಿಂಗಳ ಶಾಲೆಯ ಖರ್ಚಿಗೂ ಹರಿದು ಹೋಗುತ್ತದೆ, ಆಷಾಢ ಕಳೆಯುವ ಹೊತ್ತಿಗೆ ತಳ ಕಾಣುತ್ತದೆ. ಆದ್ದರಿಂದ ನೋಡುವುದಿದ್ದರೆ ಶ್ರಾವಣದಲ್ಲಿ ನೋಡಬೇಕು.

ಶ್ರಾವಣದ ಮೊದಲ ದೊಡ್ಡ ಹಬ್ಬ ನಾಗರ ಪಂಚಮಿ. ಉತ್ತರ ಕರ್ನಾಟಕದಲ್ಲಿ ಅದು ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ಮಗಳನ್ನು ಕರೆತರಬೇಕು, ಜೋಕಾಲಿ ಕಟ್ಟಬೇಕು, ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಲಡಕಿ ಉಂಡಿ ಕಟ್ಟಬೇಕು, ಹೋಗುವಾಗ ಸೀರೆ–ಕುಬಸದ ಜೊತೆ ಒಂದು ಬುತ್ತಿ ಉಂಡಿಯನ್ನೂ ಕಟ್ಟಿ ಕಳಿಸಬೇಕು. ಬೆಲ್ಲ, ಕೊಬ್ಬರಿ, ತುಪ್ಪ, ಎಣ್ಣೆ ಎಲ್ಲವೂ ಬೇಕಾಗುವ ಈ ವಾರದಲ್ಲಿ ಹೊಲದಿಂದ ಒಂದು ಪೈಸೆಯೂ ಬರುವುದಿಲ್ಲ. ಕಬ್ಬು ಇನ್ನೂ ನಿಂತಿರುತ್ತದೆ, ಹೆಸರು ಕಾಳು ಬಿಡಿಸಿರುವುದಿಲ್ಲ, ಗೋವಿನಜೋಳ ಇನ್ನೂ ಎಳೆಯದು. ಅಂಗಡಿಯ ಉದ್ರಿ ಪುಸ್ತಕದಲ್ಲಿ ಹೆಸರು ಬರೆಸದೆ, ಕೊರಳಿನ ಬೋರಮಾಳವನ್ನು ಒತ್ತೆ ಇಡದೆ ಒಂದು ಮನೆ ಈ ವಾರವನ್ನು ದಾಟಿತೆಂದರೆ ಆ ಮನೆಯ ಬಾಳು ನಿಜವಾಗಿ ಸುಧಾರಿಸಿದೆ. ಊರಿನಲ್ಲಿ ಅಂಥ ಮನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಊರು ಸುಧಾರಿಸಿದೆ.

ಉದ್ರಿ ಪುಸ್ತಕವನ್ನು ಓದಲೂ ಒಂದು ಕ್ರಮ ಬೇಕು. ಉದ್ರಿ ಇದೆ ಎಂದ ಮಾತ್ರಕ್ಕೆ ಬಡತನವಲ್ಲ. ವರ್ಷಕ್ಕೊಮ್ಮೆ ಆದಾಯ ಬರುವ ಕಡೆ ಅದು ವ್ಯವಹಾರದ ರೀತಿಯೇ ಹೌದು. ಪುಟದಲ್ಲಿ ಏನು ಬರೆದಿದೆ ಎಂಬುದು ಮುಖ್ಯ. ಪೈಪು, ಬಣ್ಣದ ಡಬ್ಬಿ, ತಾಡಪತ್ರಿ ಬರೆದಿದ್ದರೆ ಆ ಮನೆಯವರು ಏನನ್ನೋ ಕಟ್ಟುತ್ತಿದ್ದಾರೆ. ಚಹಾಪುಡಿ, ಉಪ್ಪು, ಪಾವ್ ಕಿಲೋ ಎಣ್ಣೆ ಎಂದು ದಿನಾ ಬರೆದಿದ್ದರೆ ಆ ಮನೆ ಹೇಗೋ ದಿನ ದೂಡುತ್ತಿದೆ. ಈಗ ಅಂಗಡಿಯ ಕಟ್ಟೆಯ ಮೇಲೆ ಕ್ಯೂಆರ್ ಚೀಟಿ ಅಂಟಿಸಿದ್ದಾರೆ, ರೊಕ್ಕ ಬಂತೆಂದು ಹೇಳುವ ಪೆಟ್ಟಿಗೆಯೂ ಇದೆ. 2016ರಲ್ಲಿ ಶುರುವಾದ ಯುಪಿಐ ಹತ್ತು ರೂಪಾಯಿಯ ಬೀಡಿಗೂ ಬಂದಿದೆ. ಅದನ್ನೇ ಏಳಿಗೆಯ ಗುರುತೆಂದು ಹಿಡಿಯುವವರಿದ್ದಾರೆ. ರೊಕ್ಕ ಹೋಗುವ ಹಾದಿ ಬದಲಾದದ್ದು ಒಳ್ಳೆಯದೇ. ಮನೆಯಲ್ಲಿ ಉಳಿದ ರೊಕ್ಕ ಎಷ್ಟು ಎಂಬುದನ್ನು ಮಾತ್ರ ಆ ಪೆಟ್ಟಿಗೆ ಹೇಳುವುದಿಲ್ಲ, ಅದನ್ನು ಪುಸ್ತಕ ಹೇಳುತ್ತದೆ. ಒಂದೇ ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಇವೆ.

ಇದನ್ನೇ ಅರ್ಥಶಾಸ್ತ್ರಜ್ಞರು ಬೇರೆ ದಾರಿಯಿಂದ ಹೇಳಿದ್ದಾರೆ. ಜರ್ಮನಿಯ ಅರ್ನ್ಸ್ಟ್ ಎಂಗೆಲ್ ಬೆಲ್ಜಿಯಂನ ದುಡಿಯುವ ಕುಟುಂಬಗಳ ಖರ್ಚಿನ ಲೆಕ್ಕ ಓದಿ 1857ರಲ್ಲಿ ಒಂದು ನಿಯಮ ಕಂಡುಕೊಂಡ: ಮನೆಯ ಆದಾಯ ಹೆಚ್ಚಿದಂತೆ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆ. ನಮ್ಮ ದೇಶದ ಹಳ್ಳಿಗಳಲ್ಲಿ ಆ ಪಾಲು 1999–2000ದಲ್ಲಿ ಶೇ 59ರಷ್ಟಿತ್ತು, 2011–12ರಲ್ಲಿ ಶೇ 53ರಷ್ಟಾಯಿತು, 2023–24ರ ಸಮೀಕ್ಷೆಯಲ್ಲಿ ಶೇ 47ಕ್ಕೆ ಬಂತು. ಇದು ದೊಡ್ಡ ಬದಲಾವಣೆ, ಇದನ್ನು ಕಡೆಗಣಿಸಲಾಗದು. ಇಲ್ಲಿಯ ಅಡುಗೆಮನೆಗಳಲ್ಲೂ ಅದು ಕಾಣುತ್ತದೆ: ರೊಟ್ಟಿಯ ಜೊತೆ ಬರೀ ಖಾರದ ಬದಲು ಪಲ್ಲೆ, ಮಕ್ಕಳಿಗೆ ತತ್ತಿ, ಹಬ್ಬಕ್ಕಷ್ಟೇ ಇದ್ದ ಅನ್ನ ದಿನಾ. ಆದರೆ ಊಟದಿಂದ ಉಳಿದ ರೊಕ್ಕ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯೂ ಇದೆ. ಮಗಳ ಕಾಲೇಜಿಗೆ ಹೋಗಿದ್ದರೆ ಒಂದು ಲೆಕ್ಕ, ಆಸ್ಪತ್ರೆಗೂ ಸಾಲದ ಸಂಘದ ಕಂತಿಗೂ ಹೋಗಿದ್ದರೆ ಇನ್ನೊಂದು. ಶೇಕಡಾವಾರು ಅಂಕಿ ಇವೆರಡನ್ನೂ ಒಂದೇ ಕಂತೆಯಲ್ಲಿ ಕಟ್ಟುತ್ತದೆ.

ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಅಲನ್ ಗ್ರೀನ್‌ಸ್ಪಾನ್ ಗಂಡಸರ ಒಳಉಡುಪಿನ ಮಾರಾಟದ ಮೇಲೆ ಕಣ್ಣಿಡುತ್ತಿದ್ದರು ಎಂಬುದು ಪ್ರಸಿದ್ಧ. ಕೈ ಬಿಗಿಯಾದಾಗ ಮನುಷ್ಯ ಮೊದಲು ಮುಂದೂಡುವುದು ಹೊರಗೆ ಕಾಣದ ಬಟ್ಟೆಯನ್ನು ಎಂಬುದು ಅವರ ತರ್ಕ. ನಮ್ಮ ಸೀಮೆಯಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಹೊಲದಲ್ಲಿ ದುಡಿಯುವ ಹೆಂಗಸು ದಿನಾ ಉಡುವ ಸೀರೆ ನೇಯುವ ಊರೇ ಇಲ್ಲಿದೆ.

ಮೊದಲು ಜಮಖಂಡಿ ತಾಲ್ಲೂಕಿನ ಭಾಗವಾಗಿದ್ದು ಈಚೆಗೆ ತಾನೇ ತಾಲ್ಲೂಕಾದ ರಬಕವಿ–ಬನಹಟ್ಟಿಯಲ್ಲಿ, ಅದಕ್ಕೆ ಅಂಟಿಕೊಂಡ ರಾಂಪುರ, ಹೊಸೂರಿನಲ್ಲಿ ಓಣಿ ಓಣಿಗೂ ಮಗ್ಗದ ಸಪ್ಪಳ. ಆ ಸಪ್ಪಳಕ್ಕೇ ಕಿವಿಗೊಟ್ಟರೆ ಪೇಟೆಯ ಸ್ಥಿತಿ ತಿಳಿಯುತ್ತದೆ. ಬೇಡಿಕೆ ಇದ್ದಾಗ ವಿದ್ಯುತ್ ಮಗ್ಗಗಳು ರಾತ್ರಿಯೂ ನಿಲ್ಲುವುದಿಲ್ಲ. ಬೇಡಿಕೆ ಬಿದ್ದಾಗ ಸಂಜೆಯೇ ಓಣಿ ಶಾಂತವಾಗುತ್ತದೆ. ನೇಕಾರರ ಓಣಿಯಲ್ಲಿ ರಾತ್ರಿ ನಿದ್ದೆಗೆ ಅಡ್ಡಿಯಾಗುವ ಸದ್ದು ನೆಮ್ಮದಿಯ ಸದ್ದು. ಶಾಂತವಾದರೆ ಮಾಲಕನಿಗೂ ಕೂಲಿ ನೇಕಾರನಿಗೂ ನಿದ್ದೆ ಬರುವುದಿಲ್ಲ.

ಇಲ್ಲಿಯ ದುಡಿಮೆಯ ಬಗೆಯನ್ನು ತಿಳಿಯದೆ ಗುರುತುಗಳನ್ನು ಓದಲಾಗದು. ಮಾಲಕ ನೂಲು ಕೊಡುತ್ತಾನೆ, ನೇಕಾರ ನೇಯ್ದು ಕೊಟ್ಟು ಸೀರೆಯ ಲೆಕ್ಕದಲ್ಲಿ ಮಜೂರಿ ಪಡೆಯುತ್ತಾನೆ. ಮನೆಯ ಹೆಂಗಸರು, ಮುದುಕರು ಕಂಡಿಕೆ ಸುತ್ತುತ್ತಾರೆ. ಒಂದು ಸೀರೆಯ ಮಜೂರಿಯಲ್ಲಿ ಇಡೀ ಮನೆಯ ದುಡಿಮೆ ಸೇರಿರುತ್ತದೆ, ಆದರೆ ಲೆಕ್ಕಕ್ಕೆ ಬರುವುದು ಒಬ್ಬನ ಹೆಸರು. ಮದುವೆ, ಕಾಯಿಲೆ ಬಂದಾಗ ಮಾಲಕನಿಂದ ಮುಂಗಡ ತೆಗೆದುಕೊಳ್ಳುವುದು ರೂಢಿ. ಆ ಮುಂಗಡ ತೀರುವವರೆಗೆ ಬೇರೆ ಕಡೆ ಹೆಚ್ಚು ಮಜೂರಿ ಇದ್ದರೂ ಹೋಗಲಾಗದು. ಹಾಗಾಗಿ ಬನಹಟ್ಟಿಯಲ್ಲಿ ಸುಧಾರಣೆಯನ್ನು ಹುಡುಕುವವರು ಈ ಮುಂಗಡ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿದೆಯೇ ಎಂದು ಕೇಳಬೇಕು. ಮಜೂರಿ ಹೆಚ್ಚಳಕ್ಕೆ ಬೀದಿಗಿಳಿಯದೆ ಮಾತುಕತೆಯಲ್ಲೇ ಇತ್ಯರ್ಥವಾದ ವರ್ಷ ಒಳ್ಳೆಯ ವರ್ಷ ಎಂದು ಧೈರ್ಯವಾಗಿ ಹೇಳಬಹುದು. ಮಗ್ಗಗಳನ್ನು ಬಿಚ್ಚಿ ತೂಕದ ಲೆಕ್ಕದಲ್ಲಿ ಮೋಡಕಾಕ್ಕೆ ಹಾಕುವ ವರ್ಷ ಕೆಟ್ಟದ್ದು, ಪೇಟೆಯಲ್ಲಿ ಎಷ್ಟೇ ಹೊಸ ಕಟ್ಟಡಗಳು ಎದ್ದಿದ್ದರೂ ಕೆಟ್ಟದ್ದೇ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 2023ರ ಕೊನೆಯಿಂದ 10 ಎಚ್‌ಪಿವರೆಗಿನ ವಿದ್ಯುತ್ ಮಗ್ಗಗಳಿಗೆ ಉಚಿತ ವಿದ್ಯುತ್ ಬಂತು. ಎರಡು–ನಾಲ್ಕು ಮಗ್ಗ ಇಟ್ಟುಕೊಂಡ ಮನೆಗಳಿಗೆ ಅದು ಪ್ರತಿ ತಿಂಗಳೂ ಕೈಯಲ್ಲಿ ಉಳಿಯುವ ರೊಕ್ಕ. ಕೈಮಗ್ಗದವರಿಗೆ ನೇಕಾರ ಸಮ್ಮಾನದ ವಾರ್ಷಿಕ ನೆರವು ಇದೆ. 1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರು ಇಲ್ಲಿ ಸರ್ಕಾರಿ ಶಾಲೆ ಮಕ್ಕಳ ‘ವಿದ್ಯಾ ವಿಕಾಸ’ ಬಟ್ಟೆ ನೇಯುತ್ತ ಬಂದಿದ್ದಾರೆ. ಆ ಬೇಡಿಕೆ ಹೊತ್ತಿಗೆ ಸರಿಯಾಗಿ ಬಂದರೆ ಅವರ ಮನೆಯಲ್ಲಿ ಒಲೆ ಉರಿಯುತ್ತದೆ, ತಡವಾದರೆ ಮಗ್ಗ ಖಾಲಿ ಕೂರುತ್ತದೆ. ಜೂನ್‌ನಲ್ಲಿ ಎಲ್ಲೋ ಒಂದು ಹಳ್ಳಿಯ ಶಾಲೆಯ ಮಕ್ಕಳು ಹೊಸ ಸಮವಸ್ತ್ರ ತೊಟ್ಟು ಸಾಲುಗಟ್ಟಿ ನಿಂತಿದ್ದರೆ ಬನಹಟ್ಟಿಯಲ್ಲಿ ಕೆಲವು ಮನೆಗಳ ಬೇಸಿಗೆ ಸಸೂತ್ರವಾಗಿ ಕಳೆದಿದೆ ಎಂದರ್ಥ. 2019–20ರ ದೇಶದ ಕೈಮಗ್ಗ ಗಣತಿಯಲ್ಲಿ ನೇಕಾರ ಕುಟುಂಬಗಳ ಮೂರನೇ ಎರಡು ಭಾಗದಷ್ಟರ ತಿಂಗಳ ಆದಾಯ ಐದು ಸಾವಿರ ರೂಪಾಯಿಗಿಂತ ಕಡಿಮೆ ಇತ್ತು. ಇಷ್ಟು ಕಡಿಮೆ ಆದಾಯದ ಮೇಲೆ ನಿಂತವರಿಗೆ ಒಂದು ತಿಂಗಳ ವಿಳಂಬವೂ ಸಣ್ಣದಲ್ಲ.

ಮತ್ತೆ ಸೀರೆಯ ವಿಷಯ. ಬನಹಟ್ಟಿಯ ಹತ್ತಿ ಸೀರೆಯ ಮಾರಾಟ ಇಳಿದರೆ ಕೂಲಿ ಹೆಂಗಸರ ಕೈಯಲ್ಲಿ ರೊಕ್ಕ ಕಡಿಮೆಯಾಯಿತು ಎಂದು ಒಂದು ಕಾಲದಲ್ಲಿ ಹೇಳಬಹುದಿತ್ತು. ಈಗ ಅಷ್ಟು ನೇರವಾಗಿಲ್ಲ. ಸೂರತ್‌ನ ಪಾಲಿಸ್ಟರ್ ಸೀರೆ ಅಗ್ಗ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ. ಕಾಲೇಜಿಗೆ ಹೋಗುವ ಮಗಳು ಚೂಡಿದಾರ್ ತೊಡುತ್ತಾಳೆ, ಮನೆಯಲ್ಲಿ ತಾಯಿ ನೈಟಿ ಹಾಕುತ್ತಾಳೆ. ಉಡುವವಳ ಸ್ಥಿತಿ ಸುಧಾರಿಸಿ ನೇಯುವವನ ಸ್ಥಿತಿ ಕೆಡುವುದು ಸಾಧ್ಯ, ಅದೂ ಹತ್ತು ಮೈಲಿಯ ಅಂತರದಲ್ಲಿ. ಒಂದೇ ಜಿಲ್ಲೆಯ ಸರಾಸರಿ ಆದಾಯವನ್ನು ತೋರಿಸುವ ಅಂಕಿ ಈ ಮಾತನ್ನು ಎಂದೂ ಹೇಳುವುದಿಲ್ಲ. ಹೊಲದ ಕೂಲಿ ಮುಗಿಸಿ ಬರುವ ಹೆಣ್ಣುಮಗಳ ಒಂದು ಆಯ್ಕೆ ನೇಕಾರನ ಮಜೂರಿಯನ್ನು ಹೇಗೆ ತಟ್ಟುತ್ತದೆ ಎಂಬುದನ್ನು ಬಲ್ಲ ಯೋಜನೆ ನಮಗೆ ಬೇಕು. ಇಳಕಲ್ ಸೀರೆಗೆ ಸಿಕ್ಕ ಹೆಸರೂ ಪೇಟೆಯೂ ಬನಹಟ್ಟಿಯ ಸೀರೆಗೂ ಸಿಗಬೇಕು. ಅದು ಈ ಊರಿನ ಹಕ್ಕು ಎಂದೇ ನಾನು ತಿಳಿಯುತ್ತೇನೆ.

ಇನ್ನು ಕಬ್ಬಿನ ಬಿಲ್ಲಿನ ಮೂಲಕ್ಕೆ ಹೋಗೋಣ. ಈ ಸೀಮೆಯ ಕಬ್ಬು ಮಳೆಯಿಂದ ಬಂದದ್ದಲ್ಲ, ಹೊಳೆಯಿಂದ ಬಂದದ್ದು. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಮರಳು ಕಾಣುತ್ತಿದ್ದ ದಿನಗಳಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ರೈತರೇ ವಂತಿಗೆ ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು, ಸರ್ಕಾರದ ಹಣಕ್ಕೆ ಕಾಯದೆ ಬ್ಯಾರೇಜ್ ಕಟ್ಟಿದರು. 1989ರಲ್ಲಿ ಅದು ಮುಗಿಯಿತು, ಶ್ರಮಬಿಂದು ಸಾಗರ ಎಂಬ ಹೆಸರಾಯಿತು. ಮುಂದೆ ನಿಂತು ಕಟ್ಟಿಸಿದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ನದಿಯಲ್ಲಿ ನೀರು ನಿಂತಿತು, ಪಂಪ್‌ಸೆಟ್ ಬಂದವು, ಜೋಳದ ಹೊಲಗಳು ಕಬ್ಬಿನ ಹೊಲಗಳಾದವು, ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ಇವತ್ತು ಷೋರೂಮಿನಲ್ಲಿ ಕಾಣುವ ಝಗಮಗಕ್ಕೆ ಬೇರು ಅಲ್ಲಿದೆ. ಜನ ಕೂಡಿ ತಮ್ಮ ಕೈಯಿಂದ ಹಾಕಿದ ಬಂಡವಾಳ ಅದು. ಸುಧಾರಣೆಯ ಗುರುತು ಕೇಳುವವರಿಗೆ ನಾನು ಮೊದಲು ತೋರಿಸುವುದು ಆ ಬ್ಯಾರೇಜನ್ನೇ.

ಕಬ್ಬಿನ ದುಡ್ಡು ತಡವಾಗಿ ಬಂದರೆ ಏನಾಗುತ್ತದೆ ಎಂಬುದು ಈ ಕಥೆಯ ಕಹಿ ಭಾಗ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಕೇಂದ್ರ ಸರ್ಕಾರ 2025–26ಕ್ಕೆ ಶೇ 10.25ರ ಇಳುವರಿಗೆ ಟನ್‌ಗೆ 3,550 ರೂಪಾಯಿ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ) ಗೊತ್ತುಮಾಡಿತು. ಆದರೆ ಅದು ಕಾರ್ಖಾನೆಯ ಬಾಗಿಲಲ್ಲಿನ ಬೆಲೆ. ಕಟಾವು ಮತ್ತು ಸಾಗಣೆಯ ಖರ್ಚು ಅದರಲ್ಲೇ ಕಡಿತವಾಗುತ್ತದೆ. ರೈತನ ಖಾತೆಗೆ ಬೀಳುವ ಅಂಕಿ ಬೇರೆ. ಈ ಅಂತರವೇ ಪ್ರತಿ ವರ್ಷದ ಜಗಳದ ಮೂಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಹೊತ್ತಿದ ಹೋರಾಟ ಮುಧೋಳಕ್ಕೂ ಬಂತು. ಸರ್ಕಾರ ಕಟಾವು–ಸಾಗಣೆ ಬಿಟ್ಟು ಟನ್‌ಗೆ 3,300 ರೂಪಾಯಿಯ ಸೂತ್ರ ಮುಂದಿಟ್ಟಾಗ ಮುಧೋಳ ಭಾಗದ ರೈತರು ಅದನ್ನು ಒಪ್ಪಲಿಲ್ಲ. ಆ ದಿನಗಳಲ್ಲೇ ಸಮೀರವಾಡಿಯ ಕಾರ್ಖಾನೆಯ ಬಳಿ ಕಬ್ಬು ತುಂಬಿ ನಿಂತ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿತ್ತು. ಸುಟ್ಟ ಕಬ್ಬೂ ಯಾರೋ ರೈತನದೇ. ಎಕರೆಗೆ 40 ಟನ್ ಬೆಳೆದವನಿಗೆ ಟನ್ನಿಗೆ ನೂರು ರೂಪಾಯಿಯ ವ್ಯತ್ಯಾಸ ಎಂದರೆ ಎಕರೆಗೆ ನಾಲ್ಕು ಸಾವಿರ. ಅಡಸಾಲಿ ಕಬ್ಬಾದರೆ ಅದಕ್ಕಾಗಿ ಅವನು ಒಂದೂವರೆ ವರ್ಷ ಕಾದಿರುತ್ತಾನೆ. ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಆ ಸಿಟ್ಟನ್ನು ತೂಗಲಾಗದು.

ಬೆಲ್ಲದ ಗಾಣಗಳೂ ಮಾತಾಡುತ್ತವೆ. ಮಹಾಲಿಂಗಪುರದ ಬೆಲ್ಲದ ಪೇಟೆ ಹಳೆಯದು, ಹೆಸರುವಾಸಿ. ಕಾರ್ಖಾನೆಗಳು ಹೆಚ್ಚಿದ ಮೇಲೆ ಗಾಣಗಳು ಕಡಿಮೆಯಾದವು. ಗಾಣದ ಹೊಗೆ ಹೆಚ್ಚಿದರೆ ಹಳ್ಳಿ ಚೇತರಿಸಿದೆ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಬೆಲ್ಲಕ್ಕೆ ಬೆಲೆ ಬಂದಿದ್ದರೆ ಹಾಗೆಯೇ. ಆದರೆ ಕಾರ್ಖಾನೆಯ ಬಿಲ್ಲಿಗೆ ಕಾಯುವ ಶಕ್ತಿ ಇಲ್ಲದ ಸಣ್ಣ ರೈತ ಬೆಲ್ಲದ ಪೆಂಟಿ ಕಟ್ಟಿಸಿ ಪೇಟೆಗೆ ಒಯ್ದು ಕೈಗೆ ರೊಕ್ಕ ತರುವುದೂ ಉಂಟು. ಒಂದೇ ಹೊಗೆಗೆ ಎರಡು ಅರ್ಥ. ಗಾಣದ ಮಾಲೀಕನನ್ನು ಕೇಳಬೇಕು: ಕಬ್ಬು ತಂದವರು ದೊಡ್ಡ ಹೊಲದವರೋ, ಎರಡು ಎಕರೆಯವರೋ?

ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರನ್ನು ಈ ಲೆಕ್ಕದಿಂದ ಹೊರಗಿಡುವುದು ನಮ್ಮೆಲ್ಲರ ದುರಭ್ಯಾಸ. ಮಹಾರಾಷ್ಟ್ರದ ಬೀಡ್ ಮುಂತಾದ ಕಡೆಗಳಿಂದಲೂ ನಮ್ಮದೇ ವಿಜಯಪುರದ ಒಣ ಹಳ್ಳಿಗಳಿಂದಲೂ ಅವರು ಮುಂಗಡ ಪಡೆದು ಬರುತ್ತಾರೆ. ಮಹಾರಾಷ್ಟ್ರದ ರೂಢಿಯಲ್ಲಿ ಗಂಡ–ಹೆಂಡತಿ ಸೇರಿ ಒಂದು ‘ಕೋಯ್ತಾ’, ಇಬ್ಬರಿಗೂ ಒಂದೇ ಲೆಕ್ಕ. ಹೊಲದ ಬದುವಿನಲ್ಲಿ ತಾಡಪತ್ರಿಯ ಗುಡಿಸಲು, ನಸುಕಿನಲ್ಲೇ ಕೆಲಸ, ಮಕ್ಕಳು ಕಬ್ಬಿನ ಸೋಗೆಯ ಮೇಲೆ. ಒಂದು ಹಂಗಾಮಿನಲ್ಲಿ ಗ್ಯಾಂಗಿನ ಮಕ್ಕಳು ಗುಡಿಸಲ ಬಳಿ ಕಾಣದೆ ಹತ್ತಿರದ ಶಾಲೆಯ ಅಂಗಳದಲ್ಲಿ ಕಂಡರೆ, ಅಥವಾ ತಮ್ಮ ಊರಿನಲ್ಲೇ ಉಳಿದು ಕಲಿಯುತ್ತಿದ್ದರೆ, ಅದಕ್ಕಿಂತ ದೊಡ್ಡ ಸೂಚ್ಯಂಕ ನನಗೆ ಬೇಡ. ಗ್ಯಾಂಗ್ ಸಿಗುತ್ತಿಲ್ಲ ಎಂದು ರೈತರು ದೂರುತ್ತಾರೆ, ಕಟಾವು ಯಂತ್ರಗಳು ಹೊಲಕ್ಕೆ ಇಳಿದಿವೆ. ಕಡಿಯುವವರು ತಮ್ಮ ಊರಲ್ಲೇ ಬೇರೆ ದುಡಿಮೆ ಕಂಡುಕೊಂಡು ಬರುವುದನ್ನು ಬಿಟ್ಟಿದ್ದರೆ ಅದು ಅವರ ಮನೆಯ ಸುಧಾರಣೆ. ಇಲ್ಲಿಯ ರೈತನಿಗೆ ಅದು ಕಷ್ಟ ಎಂಬುದೂ ನಿಜ.

ಬೀಳಗಿಗೆ ಬಂದರೆ ಲೆಕ್ಕ ಪೂರ್ತಿ ಬೇರೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈ ತಾಲ್ಲೂಕಿನ ಹಳ್ಳಿಗಳನ್ನೂ ಹೊಳೆದಂಡೆಯ ಕರಿ ಭೂಮಿಯನ್ನೂ ನುಂಗಿದೆ. ಈಗ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ ಎದುರಿಗಿದೆ. ಹಿನ್ನೀರಿಗೆಂದೇ 75,563 ಎಕರೆ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ಆ ಹಣ ಬರತೊಡಗಿದಾಗ ಬೀಳಗಿಯ ಪೇಟೆ ಥಳಥಳಿಸುತ್ತದೆ. ಕಾರು ಬರುತ್ತವೆ, ಮನೆ ಏಳುತ್ತವೆ, ಬ್ಯಾಂಕಿನ ಠೇವಣಿ ಏರುತ್ತದೆ. ಅಂಕಿ–ಅಂಶ ಬರೆಯುವವರು ಅದನ್ನು ಏಳಿಗೆ ಎಂದು ಬರೆಯಬಾರದು. ಅದು ಆದಾಯವಲ್ಲ. ಅಜ್ಜನ ಕಾಲದಿಂದ ಬಂದ ಆಸ್ತಿ ರೂಪ ಬದಲಿಸಿದ್ದು ಅಷ್ಟೇ.

ಹಿಂದಿನ ಮುಳುಗಡೆಯ ಕಾಲದಲ್ಲಿ ಪರಿಹಾರದ ಹಣ ಒಂದೆರಡು ವರ್ಷಗಳಲ್ಲೇ ಕೈಬಿಟ್ಟು ಹೋಗಿ, ಹೊಲದ ಒಡೆಯರಾಗಿದ್ದವರು ಮತ್ತೊಬ್ಬರ ಹೊಲದಲ್ಲಿ ಕೂಲಿಗೆ ನಿಂತ ಕಥೆಗಳನ್ನು ಈ ಜಿಲ್ಲೆಯ ಎಷ್ಟೋ ಮನೆಗಳು ಬಲ್ಲವು. ಅದಕ್ಕೇ ಬೀಳಗಿಯಲ್ಲಿ ಕೇಳಬೇಕಾದ್ದು ಬೇರೆ. ಪರಿಹಾರ ಪಡೆದ ಮನೆ ಮತ್ತೆ ಎಲ್ಲಾದರೂ ಭೂಮಿ ಕೊಂಡಿತೇ? ಕೊಂಡದ್ದು ಯಾರ ಹೆಸರಿನಲ್ಲಿ? ಸಾಲುಮನೆಗಳ ಪುನರ್ವಸತಿ ಕೇಂದ್ರದಲ್ಲಿ ಹೈನು ಇದೆಯೇ, ದನ ಕಟ್ಟಲು ಜಾಗ ಇದೆಯೇ, ಹುಡುಗರಿಗೆ ಕೆಲಸ ಇದೆಯೇ? ದೀಪಾವಳಿ ಕಳೆದ ಮೇಲೆ ಮಂಗಳೂರು, ಗೋವೆಯ ಬಸ್ಸುಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ದುಡಿಯಾಕ ಹೋಗುವವರು ಕಡಿಮೆಯಾಗಿದ್ದಾರೆಯೇ? ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಬಂದ ದಿನ ಬೀಳಗಿ ಸುಧಾರಿಸಿತು ಎನ್ನೋಣ.

ಬಂಗಾರದ ವಿಷಯ ಮೇಲೆ ಬಂದುಹೋಯಿತು. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನ ಮೊದಲ ಬಾರಿಗೆ ಒಂದು ಲಕ್ಷ ರೂಪಾಯಿ ಮುಟ್ಟಿತು. 2024–25ರಲ್ಲಿ ದೇಶದ ಬ್ಯಾಂಕುಗಳ ಒಡವೆ ಸಾಲ ಒಂದೇ ವರ್ಷದಲ್ಲಿ ಸರಿಸುಮಾರು ಇಮ್ಮಡಿಯಾಯಿತು. ಬೆಲೆ ಏರಿದ್ದು ಒಂದು ಕಾರಣ, ಬೇರೆ ತಲೆಬರಹದಲ್ಲಿದ್ದ ಸಾಲಗಳನ್ನು ಇದರಡಿ ತಂದದ್ದು ಇನ್ನೊಂದು. ಆದರೂ ಉಳಿದದ್ದೂ ಕಡಿಮೆಯಲ್ಲ. ಅದೇ ಬಂಗಾರದ ಬಿಲವಾರ ಬಳೆಯ ಮೇಲೆ ಈಗ ಹೆಚ್ಚು ಸಾಲ ಸಿಗುತ್ತದೆ ಎಂದ ಮಾತ್ರಕ್ಕೆ ಮನೆ ಶ್ರೀಮಂತವಾಗಲಿಲ್ಲ. ಬಂಗಾರ ಮಾಡಿಸಿಕೊಳ್ಳುವವರನ್ನು ಎಣಿಸುವ ಬದಲು ಬಂಗಾರ ಬಿಡಿಸಿಕೊಳ್ಳುವವರನ್ನು ಎಣಿಸಬೇಕು. ಫೆಬ್ರುವರಿ–ಮಾರ್ಚ್‌ನಲ್ಲಿ ಬಿಲ್ ಬಂದೊಡನೆ ಬಿಡಿಸಿಕೊಂಡ ಒಡವೆ ಶ್ರಾವಣದಲ್ಲಿ ಮತ್ತೆ ಬ್ಯಾಂಕಿಗೆ ಹೋಗದೆ ಕೊರಳಲ್ಲೇ ಉಳಿದರೆ ಅದು ಗಳಿಕೆ. ಪ್ರತಿ ಸಹಕಾರಿ ಸಂಘದ, ಬ್ಯಾಂಕ್ ಶಾಖೆಯ ಕಂಪ್ಯೂಟರಿನಲ್ಲಿ ಈ ಲೆಕ್ಕ ಈಗಲೇ ಇದೆ. ತಾಲ್ಲೂಕುವಾರು ತೆಗೆದು ನೋಡುವ ಮನಸ್ಸು ಮಾಡಬೇಕು.

ಹೆಂಗಸರ ಕೈಯಲ್ಲಿ ಓಡಾಡುವ ರೊಕ್ಕ ಹೆಚ್ಚಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. 2023ರ ಜೂನ್ 11ರಂದು ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ, ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಬಂದವು. ಗೃಹಲಕ್ಷ್ಮಿಯ ತಿಂಗಳಿಗೆ ಎರಡು ಸಾವಿರ ರೂಪಾಯಿ ಹೆಣ್ಣಿನ ಖಾತೆಗೆ ಬಿದ್ದಾಗ ಅದು ಸಂಘದ ಕಂತಿಗೆ ಹೋಯಿತೋ, ಹೊಲಿಗೆ ಯಂತ್ರಕ್ಕೆ ಹೋಯಿತೋ ಎಂಬುದರಲ್ಲಿ ಆ ಮನೆಯ ಮುಂದಿನ ಹತ್ತು ವರ್ಷ ಅಡಗಿದೆ. ಕಿರುಸಾಲದ ವಸೂಲಿಯವರ ಕಾಟ ಎಷ್ಟಾಗಿತ್ತೆಂದರೆ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ವಾರದ ಕಂತಿನ ಸಭೆಯ ದಿನ ಓಣಿಯ ಹೆಂಗಸರು ಮನೆಗೆ ಬೀಗ ಹಾಕಿ ಎಲ್ಲೋ ಹೋಗುವ ಪರಿಸ್ಥಿತಿ ತಪ್ಪಿದ್ದರೆ ಅದನ್ನೂ ಗುರುತು ಎಂದು ಬರೆದುಕೊಳ್ಳಬೇಕು.

ಮುಧೋಳದಲ್ಲಿ ಸಣ್ಣದೊಂದು ಸಂತೋಷದ ಸಂಗತಿ ಇದೆ. ಸೇನೆ ಮುಧೋಳ ನಾಯಿಯನ್ನು ತೆಗೆದುಕೊಂಡ ಮೇಲೆ, ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಕೆಲಸ ಸುದ್ದಿಯಾದ ಮೇಲೆ ಮರಿಗಳಿಗೆ ದೂರದ ಊರುಗಳಿಂದ ಬೇಡಿಕೆ ಬಂತು. ಭೂಮಿ ಇಲ್ಲದ, ಅಥವಾ ತುಂಡು ಭೂಮಿಯ ಕುಟುಂಬಗಳೂ ಮರಿ ಸಾಕಿ ಮಾರುತ್ತವೆ. ಕಬ್ಬಿನ ಬಿಲ್ಲಿಗೆ ಸಂಬಂಧವಿಲ್ಲದ, ಮಳೆಗೆ ಕಾಯದ ಈ ಆದಾಯ ಚಿಕ್ಕದಾದರೂ ಗಟ್ಟಿ. ಸಾವಳಗಿ ಕಡೆಯ ದ್ರಾಕ್ಷಿ, ತೇರದಾಳದ ಅರಿಸಿನ, ಮುದ್ದಾಪುರದ ಸಿಮೆಂಟು ಕಾರ್ಖಾನೆಯ ಸಂಬಳ ಇವೂ ಹಾಗೆಯೇ: ರೊಕ್ಕ ಬರುವ ಬಾಗಿಲು ಒಂದೇ ಇದ್ದದ್ದು ಎರಡು ಮೂರಾಗುತ್ತದೆ. ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದ 2019ರ ಆಗಸ್ಟಿನಂಥ ವರ್ಷ ಮತ್ತೆ ಬಂದರೆ ಒಂದೇ ಬಾಗಿಲಿನ ಮನೆ ಮೊದಲು ಬೀಳುತ್ತದೆ. 2010–11ರಲ್ಲಿ ಮಂಜೂರಾದ 142 ಕಿಲೋಮೀಟರಿನ ಬಾಗಲಕೋಟೆ–ಕುಡಚಿ ರೈಲು ಮಾರ್ಗ ಪೂರ್ತಿಯಾಗಿದ್ದರೆ ಬನಹಟ್ಟಿಯ ಸೀರೆಗೂ ಸಾವಳಗಿಯ ದ್ರಾಕ್ಷಿಗೂ ಇನ್ನೊಂದು ಬಾಗಿಲು ತೆರೆದಿರುತ್ತಿತ್ತು.

ನಾಲ್ಕು ತಾಲ್ಲೂಕುಗಳ ಜನಪ್ರತಿನಿಧಿಗಳಿಗೂ ಅಧಿಕಾರಿಗಳಿಗೂ ಎರಡು ಮಾತು. ಪ್ರತಿ ಕಾರ್ಖಾನೆ ಯಾವ ದಿನ ಬಂದ ಕಬ್ಬಿಗೆ ಯಾವ ದಿನ ಹಣ ಕೊಟ್ಟಿತು ಎಂಬ ಪಟ್ಟಿಯನ್ನು ಹಂಗಾಮು ನಡೆಯುವಾಗಲೇ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿಸಿರಿ. 14 ದಿನ ದಾಟಿದ್ದಕ್ಕೆ ಬಡ್ಡಿ ಸೇರಿತೇ ಎಂಬುದನ್ನೂ ಅದರಲ್ಲೇ ಬರೆಸಿರಿ. ಬನಹಟ್ಟಿಯ ನೇಕಾರರ ಮಜೂರಿಯನ್ನು ವರ್ಷಕ್ಕೊಮ್ಮೆ, ನೂಲಿನ ಬೆಲೆಯ ಜೊತೆಗೇ, ಕುಳಿತು ಗೊತ್ತುಮಾಡುವ ವ್ಯವಸ್ಥೆ ಮಾಡಿರಿ. ಇವೆರಡಕ್ಕೂ ಹೊಸ ಅನುದಾನ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ಕಬ್ಬಿನ ಕಾನೂನು 1966ರಿಂದಲೂ ಇದೆ.